ಕ್ಯಾಸೆಟ್ ಆಚಾರ್ರ ಒಂದು ಅಕ್ಷರ

ಕ್ಯಾಸೆಟ್ ಆಚಾರ್ರು ಯಾರ ಹತ್ತಿರವೂ ದುಡ್ಡು ತಿಂದಿರಲಿಲ್ಲ. ಅವರು ಎಲೆಕ್ಷನ್ನಿಗೆ ಕಟ್ಟಿದ ಹಾಡಿನ ಒಂದು ಅಕ್ಷರ ಮೈಕಿನೊಳಗೆ ತಿರುಗಿ ಬಿತ್ತು. ಅದು ಅವರಿಗೆ ತಿಳಿಯಲಿಲ್ಲ, ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. ನಡೆದದ್ದು ಇಷ್ಟೇ. ಆದವಾನಿಯ ಹಳಬರು ಈಗಲೂ ಬೇರೆ ಕತೆ ಹೇಳುತ್ತಾರೆ. ಎದುರು ಪಾರ್ಟಿಯವರು ಆಚಾರ್ರನ್ನು ಕೊಂಡುಕೊಂಡಿದ್ದರು ಎನ್ನುತ್ತಾರೆ. ಹೇಳಿಕೊಳ್ಳಲಿ. ಅವರ ಅಂಗಡಿಯ ಎದುರಿಗೆ ಕೂತು ಬಜ್ಜಿ ಕರಿಯುತ್ತಿದ್ದವಳು ನಾನು. ಕಣ್ಣಾರೆ ಕಂಡವಳೂ ನಾನೇ.

ಹೋದ ತಿಂಗಳು ಸಕ್ಕರೆ ಕಾಯಿಲೆಗೆ ರಕ್ತ ಕೊಡಲು ದವಾಖಾನೆಗೆ ಹೋಗಿದ್ದೆ. ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ತಣ್ಣಗಾಯಿತು, ವಾಸನೆ ಮೂಗಿಗೆ ಹತ್ತಿತು. ಸೂಜಿ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಆಚಾರ್ರು ದಿನವೂ ಅಂಗಡಿ ತೆರೆದೊಡನೆ ಮಾಡುತ್ತಿದ್ದ ಮೊದಲ ಕೆಲಸ ಅದು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪ್ ರೆಕಾರ್ಡರಿನ ಬಾಯೊಳಗೆ ಹಾಕಿ ಒರೆಸುತ್ತಿದ್ದರು. ನನ್ನ ಎಣ್ಣೆ ಕಾಯುವ ವಾಸನೆಗೆ ಅವರ ಸ್ಪಿರಿಟ್ಟಿನ ವಾಸನೆ ಬಂದು ಸೇರುತ್ತಿತ್ತು... ಅಷ್ಟು ವರ್ಷ ಆ ಮನುಷ್ಯನ ನೆನಪು ಮಾಡಿರಲಿಲ್ಲ ನಾನು. ಮಾಡಿದರೆ ಏನು ಬಂತು?

ನಾನು ಓದಿದ್ದು ಮೂರನೇ ಕ್ಲಾಸು, ಅದೂ ತೆಲುಗಿನಲ್ಲಿ, ನಮ್ಮ ಊರು ಆಂಧ್ರಕ್ಕೆ ಸೇರಿದ್ದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಸಾಬರ ಅಂಗಡಿಯಲ್ಲಿ ಅವರ ಮಾತು. ಹೀಗೆ ಬೆಳೆದವರು ನಾವೆಲ್ಲ. ಗಂಡ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಅದರ ಬೀದಿಯಲ್ಲೇ ಒಂದು ತಗಡಿನ ಕೆಳಗೆ ಉಗ್ಗಾಣಿ, ಬಜ್ಜಿ ಮಾಡಿ ಮಾರುತ್ತಿದ್ದೆ. ಮಂಡಕ್ಕಿ ನೆನೆಸಿ ಒಗ್ಗರಣೆ ಕೊಟ್ಟರೆ ಉಗ್ಗಾಣಿ. ಪಕ್ಕಕ್ಕೆ ಮೆಣಸಿನಕಾಯಿ ಬಜ್ಜಿ. ಜಿನ್ನಿಂಗಿನ ಜನಕ್ಕೆ ಬೆಳಿಗ್ಗೆ ಇನ್ನೇನೂ ಬೇಕಿರಲಿಲ್ಲ.

ಎದುರಿಗೆ ಆಚಾರ್ರ ಅಂಗಡಿ. ಗುಡಿಯ ಪೂಜೆಯ ಮನೆತನದವರು. ಪೂಜೆ ತಮ್ಮನಿಗೆ ಬಿಟ್ಟುಕೊಟ್ಟು ಇವರು ಕ್ಯಾಸೆಟ್ ಮಾರಲು ಕೂತಿದ್ದರು. ಲಗ್ನ ಆಗಿರಲಿಲ್ಲ. ವಯಸ್ಸು ನಲವತ್ತರ ಹತ್ತಿರ, ಕಿವಿಯಲ್ಲಿ ಒಂಟಿ, ಅಂಗಿಯ ಜೇಬಿನಲ್ಲಿ ಪೆನ್ಸಿಲ್ಲು. ಆ ಪೆನ್ಸಿಲ್ಲು ಬರೆಯಲಿಕ್ಕಲ್ಲ, ಕ್ಯಾಸೆಟ್ಟಿನ ತೂತಿಗೆ ಹಾಕಿ ರಿಬ್ಬನ್ ಸುತ್ತಲಿಕ್ಕೆ. ನನ್ನ ಬಜ್ಜಿ ತಿನ್ನುತ್ತಿರಲಿಲ್ಲ, ನಾನು ಕೊಟ್ಟ ಚಹಾ ಕುಡಿಯುತ್ತಿದ್ದರು. ಅದು ಯಾವ ಶಾಸ್ತ್ರವೋ, ನಾನು ಕೇಳಲಿಲ್ಲ.

ಹೊಸ ಕ್ಯಾಸೆಟ್ ಬಂದ ದಿನ ಬೀದಿಗೆಲ್ಲ ಹಬ್ಬ. ಒಂದು ಕಡೆ ಪೂರ್ತಿ ಹಾಕಿ ಕೇಳಿ, ಆಮೇಲೆ ಬಾಗಿಲಿಗೆ ಬಂದು ನಿಂತು ತೀರ್ಪು ಹೇಳುತ್ತಿದ್ದರು. ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಸಿನಿಮಾದ ಕ್ಯಾಸೆಟ್ಟುಗಳನ್ನು ಮಾರುತ್ತಿದ್ದರೇ ಹೊರತು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಬೇರೆ ಜಾತಿಯ ಮಾಲು. ಯಾವುದೋ ಹಳ್ಳಿಯ ಮಾಸ್ತರು, ಯಾವುದೋ ಮಠದ ಭಜನೆಯವರು, ಯಾರ ಕಂಪನಿಯ ಹಂಗೂ ಇಲ್ಲದೆ ತಾವೇ ಹಾಡಿ ತಾವೇ ತುಂಬಿಸಿ ಚೀಲದಲ್ಲಿ ಹೊತ್ತು ತಂದು ಕೊಟ್ಟ ಕ್ಯಾಸೆಟ್ಟುಗಳು. ಅವು ಬಂದರೆ ಮುಖ ಅರಳುತ್ತಿತ್ತು. ಹಾಗೆಂದು ಬಿಡುತ್ತಿರಲಿಲ್ಲ.

"ಅಕ್ಕಾ, ಈ ಹಾರ್ಮೋನಿಯಂದಾತ ಹಾಡೋನ್ನ ಬಿಟ್ಟು ಮುಂದಕ್ಕ ಹೊಂಟಾನ. ಇಬ್ರೂ ಬ್ಯಾರೆ ಬ್ಯಾರೆ ಬಸ್ಸು ಹತ್ಯಾರ."

ಇನ್ನೊಬ್ಬನಿಗೆ, "ಇವನ ದನಿ ಇನ್ನೂ ಹಸಿ ಐತಿ. ಆದ್ರ ತನ್ನದೈತಿ, ಬಾಡಿಗಿದಲ್ಲ."

"ಅಂಗಡಿ ಬಾಡಿಗಿದಾದ್ರ ನಡೀತೈತಿ, ದನಿ ಬಾಡಿಗಿದಾದ್ರ ನಡ್ಯಾಂಗಿಲ್ಲೇನ್ರಿ?" ಎಂದು ನಾನು ಇಲ್ಲಿಂದಲೇ ಅನ್ನುತ್ತಿದ್ದೆ. ನಗುತ್ತಿದ್ದರು.

ಎಲೆಕ್ಷನ್ನಿನ ಮೇಲೂ ಅದೇ ನಾಲಿಗೆ. "ಪಾರ್ಟಿ ಅಂದ್ರ ಕಂಪನಿ ಕ್ಯಾಸೆಟ್ ಇದ್ದಂಗ. ತಿರುವಿ ಹಾಕಿದ್ರೂ ಅದ ಹಾಡು. ಮ್ಯಾಲಿನ ಫೋಟೊ ಅಷ್ಟ ಬ್ಯಾರೆ."

ಬಜ್ಜಿ ತಿನ್ನುತ್ತಿದ್ದ ಹಮಾಲಿಯೊಬ್ಬ ಕೇಳಿದ್ದ. "ಹಂಗಾದ್ರ ನೀವು ಓಟು ಯಾರಿಗೆ ಹಾಕ್ತೀರಿ ಆಚಾರ್ರೇ?"

"ಖಾಲಿ ಕ್ಯಾಸೆಟ್ಟಿಗೆ."

ನಮ್ಮ ಅತ್ತೆ ಕೋಸಗಿ ಕಡೆಯವಳು. ಮಾವ ಸತ್ತ ಮೇಲೆ ನಮ್ಮ ಹತ್ತಿರ ಬಂದಳು. ಸುಮ್ಮನೆ ಕೂರುವ ಹೆಂಗಸಲ್ಲ. ನನ್ನ ತಗಡಿನ ಹಿಂದೆ ಬೀಸುಕಲ್ಲು ಹಾಕಿಕೊಂಡು ಬಜ್ಜಿಗೆ ಕಡಲೆಹಿಟ್ಟು ಬೀಸುತ್ತಿದ್ದಳು. ಬೀಸುವಾಗ ಹಾಡುತ್ತಿದ್ದಳು. ಅದರಲ್ಲೇನು, ನಮ್ಮ ಕಡೆ ಎಲ್ಲ ಮುದುಕಿಯರೂ ಹಾಡುತ್ತಿದ್ದರು. ನಾನು ಕಿವಿ ಕೊಟ್ಟು ಕೇಳಿದವಳೂ ಅಲ್ಲ. ಒಂದು ದಿನ ಎದುರಿನ ಅಂಗಡಿಯ ಹಾಡು ಹಠಾತ್ತನೆ ನಿಂತಿತು. ಆಚಾರ್ರು ಬೀದಿ ದಾಟಿ ಬಂದು ತಗಡಿನ ಹಿಂದೆ ಇಣುಕಿದರು.

"ಈಕಿ ಯಾರಕ್ಕಾ?"

"ನಮ್ಮತ್ತಿ."

"ಇಷ್ಟು ದಿನ ಎಲ್ಲಿ ಇಟ್ಟಿದ್ರಿ?"

"ಮನ್ಯಾಗ. ಅತ್ತೀನ ಮತ್ತೆಲ್ಲಿ ಇಡ್ತಾರ?"

ಅವತ್ತಿನಿಂದ ಅವರಿಗೆ ಬೇರೆ ಹುಚ್ಚಿಲ್ಲ. ಅತ್ತೆಯ ಹಾಡು ತುಂಬಿಸಬೇಕು, ಅತ್ತೆಯ ಹೆಸರು ಹಾಕಿ ಕ್ಯಾಸೆಟ್ ತರಬೇಕು. ಅತ್ತೆ ಅಂಗಡಿಗೆ ಹೋಗಿ ಕೂತಳು. ಬಾಯಿ ಬಿಡಲಿಲ್ಲ. "ಕೂಗು ಅಂದಕೂಡ್ಲೆ ಕೂಗಾಕ ನಾ ಏನ್ ಕೋಳಿ ಏನೋ ನನ್ನಪ್ಪಾ? ಕಲ್ಲು ತಿರುಗಬೇಕು" ಎಂದಳು. ಕಲ್ಲನ್ನು ಹೊತ್ತು ಒಯ್ದರು. ಕಲ್ಲು ತಿರುಗಿದರೆ ಗರಗರ ಸದ್ದಿನಲ್ಲಿ ದನಿ ಮುಳುಗಿತು. ಕಾಳು ಹಾಕದೆ ಮೆಲ್ಲಗೆ ತಿರುಗಿಸಿರಿ ಎಂದರು ಆಚಾರ್ರು. ಅತ್ತೆ ಗೂಟದಿಂದ ಕೈ ತೆಗೆದಳು.

"ಒಣ ಕಲ್ಲು ತಿರುವಬಾರ್ದು. ಗುಡಿ ಮನಿತನದವರಿಗೆ ಇಷ್ಟೂ ತಿಳ್ಯಾಂಗಿಲ್ಲ?"

ಕಡೆಗೆ ಕಲ್ಲಿನ ಕೆಳಗೆ ಗೋಣಿಚೀಲ ಮಡಿಸಿ ಹಾಕಿ, ಹಿಡಿ ಹಿಡಿಯಾಗಿ ಜೋಳ ಬಿಟ್ಟು, ಮೈಕನ್ನು ಲಂಗದ ಲಾಡಿಯಿಂದ ಅತ್ತೆಯ ಬಾಯಿಯ ಹತ್ತಿರ ತೂಗಿಬಿಟ್ಟು ತುಂಬಿಸಿದರು. ಮಧ್ಯಾಹ್ನ ನನ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಕರೆಯುತ್ತಿದ್ದರು. ಮಷೀನಿನ ಮೇಲೆಲ್ಲ ಹಿಟ್ಟು. ಬೈದುಕೊಳ್ಳುತ್ತಾ ಸ್ಪಿರಿಟ್ಟು ಹಚ್ಚಿ ಒರೆಸುತ್ತಿದ್ದರು. ಮರುದಿನ ಮತ್ತೆ ಕರೆಯುತ್ತಿದ್ದರು.

ನಾನು ಬಾಗಿಲಲ್ಲಿ ನಿಂತು ಕೇಳಿದ್ದೆ. ಒಂದು ಹಾಡು ಮನೆಯಲ್ಲಿ ಯಾವತ್ತೂ ಹಾಡಿರಲಿಲ್ಲ. ತೊಟ್ಟಿಲಲ್ಲಿದ್ದ ಹೆಣ್ಣುಕೂಸು, ಅದಕ್ಕೆ ಬಂದ ಜ್ವರ, ಹಿತ್ತಲಲ್ಲಿ ಅದನ್ನು ಮಣ್ಣಿಗೆ ಇಟ್ಟ ಜಾಗ... ನನ್ನ ಗಂಡನಿಗೊಬ್ಬ ಅಕ್ಕ ಇದ್ದಳೆಂದು ನನಗೆ ಗೊತ್ತಾದದ್ದು ಆ ಹಾಡಿನಿಂದ. ಸಂಜೆ ಗಂಡನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅತ್ತೆಯನ್ನು ಕೇಳಿದರೆ, "ಹಾಡನ್ಯಾಗ ಏನೇನೋ ಇರ್ತೈತಿ" ಎಂದು ಮಗ್ಗಲು ಬದಲಿಸಿದಳು. ಆ ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟಳು. ಆ ಹಾಡು ಇನ್ನೊಬ್ಬರ ಬಾಯಲ್ಲಿ ಇರಲಿಲ್ಲ. ಕ್ಯಾಸೆಟ್ಟಿನಲ್ಲಿ ಮಾತ್ರ ಇತ್ತು.

ಆ ಕ್ಯಾಸೆಟ್ಟೂ ಇದ್ದದ್ದು ಒಂದೇ. ನಕಲು ತೆಗೆಯಬೇಕೆಂದರೆ ಎರಡು ಕ್ಯಾಸೆಟ್ ಹಿಡಿಯುವ ಮಷೀನು ಬೇಕು, ಆಚಾರ್ರ ಹತ್ತಿರ ಇದ್ದದ್ದು ಒಂಟಿ ಮಷೀನು. ಬಳ್ಳಾರಿಯಲ್ಲಿ ಮಾಡಿಕೊಡುತ್ತಾರಂತಲ್ಲ ಎಂದೆ. ಕೈಬಿಟ್ಟು ಕಳಿಸಲು ಒಪ್ಪಲಿಲ್ಲ. ಅಲ್ಲಿಯವರು ಮುದುಕಿಯ ದನಿಯಲ್ಲಿ ಹುರುಪಿಲ್ಲ ಎಂದು ಮಷೀನಿನಲ್ಲಿ ಜೋರಾಗಿ ಓಡಿಸಿ ಕೆಡಿಸುತ್ತಾರಂತೆ. ಅತ್ತೆಯ ಕ್ಯಾಸೆಟ್ಟನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಮೇಲಿನ ಹಲಗೆಯಲ್ಲಿ ಇಟ್ಟಿದ್ದರು, ದೇವರ ಹಾಗೆ.

ಅಷ್ಟರಲ್ಲಿ ಎಲೆಕ್ಷನ್ ಬಂತು. ಸಿನಿಮಾದವರೂ ಓಟು ಕೇಳುತ್ತಾ ಊರೂರು ತಿರುಗುತ್ತಿದ್ದ ಕಾಲ. ನಮ್ಮಲ್ಲಿ ಒಬ್ಬ ಹತ್ತಿ ಸಾಹುಕಾರರು ಯಾವ ಪಾರ್ಟಿಯೂ ಟಿಕೆಟ್ ಕೊಡದೆ ಹೋದದ್ದಕ್ಕೆ ಸಿಟ್ಟಾಗಿ ತಾವೇ ನಿಂತರು. ಗುರುತು ಛತ್ರಿ. ಅವರ ಕಡೆಯವರು ಆಚಾರ್ರ ಅಂಗಡಿಗೆ ಬಂದು ಹೋದರು. ಆಚಾರ್ರು ಬೀದಿ ದಾಟಿ ಬಂದು ಚಹಾ ಕೇಳಿದರು.

"ಈ ಸಾಹುಕಾರ ತಾವ ಹಾಡಿ ತಾವ ತುಂಬಿಸಿದ ಕ್ಯಾಸೆಟ್ ಇದ್ದಂಗ ಅಕ್ಕಾ. ಯಾವ ಕಂಪನೀದೂ ಅಲ್ಲ."

"ಕ್ಯಾಸೆಟ್ ಅಲ್ರಿ, ಸಾಹುಕಾರ. ಕೂಲಿ ಹೆಚ್ಚಿಗಿ ಕೇಳಿದ ಹೆಂಗಸರನ್ನ ಗೇಟಿನ ಹೊರಗ ನಿಲ್ಲಿಸಿದಾತ. ಏನು ಬಂತು ಇವತ್ತ ನಿಮಗ?"

ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ಹೇಳಿದರು. "ಹಾಡು ಕಟ್ಟಿಕೊಟ್ರ ಎರಡು ಕ್ಯಾಸೆಟ್ಟಿನ ಮಷೀನು ಕೊಡಸ್ತಾರಂತ. ಅತ್ತೀದು ಹೊರಗ ಬರ್ತೈತಿ."

ಇಷ್ಟು ವರ್ಷ ಎಲೆಕ್ಷನ್ ಹಾಡುಗಳಿಗೆ ಉಗಿದ ಬಾಯಿ. ಅಂದುಬಿಡೋಣ ಎನ್ನಿಸಿತು. ಮುಖ ನೋಡಿ, ಲೋಟ ತೊಳೆಯಲು ತೆಗೆದುಕೊಂಡೆ.

ಆಗ ಓಟಿಗೆ ಗುಂಡಿ ಒತ್ತುವ ಮಷೀನು ಇರಲಿಲ್ಲ. ಕಾಗದದ ಮೇಲಿನ ಗುರುತಿನ ಮೇಲೆ ರಬ್ಬರಿನ ಮುದ್ರೆ ಒತ್ತಬೇಕಿತ್ತು. ಅದಕ್ಕೆ ಆಚಾರ್ರು ಕಟ್ಟಿದ್ದು, "ಒತ್ತವ್ವ ಒತ್ತು, ಛತ್ರಿಗೆ ಒತ್ತು." ತೆಲುಗಿನಲ್ಲಿ ಕಟ್ಟಿರೆಂದು ಸಾಹುಕಾರರ ಕಡೆಯವರು ಅಂದರಂತೆ, ಇವರು ಒಪ್ಪಲಿಲ್ಲ. ಕನ್ನಡದ ಹಾಡು ತೆಲುಗರ ಬಾಯಲ್ಲೂ ಕುಣಿಯುತ್ತದೆ ನೋಡಿ ಎಂದರಂತೆ. ಹಲಗೆ ಬಾರಿಸುವ ಒಬ್ಬನನ್ನು ಕರೆಸಿಕೊಂಡು ತಾವೇ ಹಾಡಿ ತುಂಬಿಸಿದರು. ಅಂಗಡಿಯ ಪೆಟ್ಟಿಗೆಯಲ್ಲಿ ಹಾಕಿ ಕೇಳಿಸಿದಾಗ ನನ್ನ ಕೈಯ ಜಾಲರಿ ಸೌಟು ಎಣ್ಣೆಯ ಮೇಲೇ ನಿಂತಿತು.

"ನಮ್ಮತ್ತಿ ಬೀಸೋ ಪದದ ಧಾಟಿ ಅಲ್ಲೇನ್ರಿ ಇದು?"

"ಹೌದಕ್ಕಾ. ಮೊದಲ ಧಾಟಿ ಊರ ಕಿವಿಗೆ ಬೀಳಲಿ. ಹಿಂದಿಂದ ಅತ್ತಿ ಕ್ಯಾಸೆಟ್ ಬಂತಂದ್ರ ಜನ ತಾವಾಗಿ ಹುಡುಕ್ಕೊಂಡು ಬರ್ತಾರ."

ಅವರ ಲೆಕ್ಕ ಅವರಿಗೆ. ಜೀಪಿನ ಮೇಲೆ ಉಮ್ಮತ್ತಿ ಹೂವಿನಂಥ ಬಾಯಿಯ ಎರಡು ಮೈಕು ಕಟ್ಟಿಕೊಂಡು ಹಾಡು ಹಳ್ಳಿಗಳ ಮೇಲೆ ಹೊರಟಿತು.

ಗೋನೆಗಂಡ್ಲದ ಲಾರಿ ಡ್ರೈವರನೊಬ್ಬ ಹತ್ತಿ ಇಳಿಸಲು ಬಂದಾಗಲೆಲ್ಲ ನನ್ನಲ್ಲಿ ತಿನ್ನುತ್ತಿದ್ದ. ತೆಲುಗಿನವನು. ಒಂದು ಬೆಳಿಗ್ಗೆ ನಗುತ್ತಲೇ ಬಂದು ಕೂತ. "ಏಮಕ್ಕಾ, ಮೀ ಸಾಹುಕಾರು ತನಕು ತಾನೇ ವದ್ದಂಟುನ್ನಾಡು?" ನಿಮ್ಮ ಸಾಹುಕಾರ ತನ್ನನ್ನು ತಾನೇ ಬೇಡ ಅನ್ನುತ್ತಿದ್ದಾನಲ್ಲ ಎಂದು. ನನಗೆ ತಿಳಿಯಲಿಲ್ಲ. ಅವನು ಹಾಡಿ ತೋರಿಸಿದ. "ವದ್ದವ್ವ ವದ್ದು, ಛತ್ರಿಕಿ ವದ್ದು."

ತೆಲುಗಿನಲ್ಲಿ ವದ್ದು ಎಂದರೆ ಬೇಡ. ಮೈಕಿನ ಬಾಯಲ್ಲಿ ಒತ್ತು ಎಂದದ್ದು ತೆಲುಗರ ಕಿವಿಗೆ ವದ್ದು ಆಗಿ ಬೀಳುತ್ತಿತ್ತು.

ಪಕ್ಕದಲ್ಲಿ ತಿನ್ನುತ್ತಿದ್ದ ನಮ್ಮ ಹಮಾಲಿ ಮೆಣಸಿನಕಾಯಿಯ ತೊಟ್ಟು ಉಗಿದು ಅಂದ. "ನಮಗೂ ಹಂಗ. ನಮ್ಮ ಕಿವಿಗೆ ಒದ್ದು ಅಂದಂಗ ಕೇಳ್ತೈತಿ. ಒದ್ದವ್ವ ಒದ್ದು, ಛತ್ರಿಗೆ ಒದ್ದು."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗು ಬರುವಂಥದ್ದೇ ಅದು. ಒಂದೇ ಹಾಡು, ತೆಲುಗರಿಗೆ ಬೇಡ ಅನ್ನುತ್ತಿತ್ತು, ಕನ್ನಡದವರಿಗೆ ಒದೆಯಿರಿ ಅನ್ನುತ್ತಿತ್ತು.

ಕೈ ಒರೆಸಿಕೊಂಡು ಹೋಗಿ ಆಚಾರ್ರಿಗೆ ಹೇಳಿದೆ. ಅಂಗಡಿಯ ಪೆಟ್ಟಿಗೆಯಲ್ಲಿ ಹಾಡು ಹಾಕಿದರು. "ನೀವ ಹೇಳ್ರಿ ಅಕ್ಕಾ, ತ ಐತೋ ದ ಐತೋ?"

"ಇಲ್ಲಿ ತ ಐತಿ. ಜೀಪಿನ ಮ್ಯಾಲ ದ ಆಗ್ತೈತಿ."

"ಜೀಪಿನ ಮ್ಯಾಲ ಕೇಳೋದು ಹಾಡಲ್ಲ ಅಕ್ಕಾ, ಬದನಿಕಾಯಿ ಮಾರೋ ಕೂಗು."

"ಓಟೂ ಅಂಗಡ್ಯಾಗ ಹಾಕಾಂಗಿಲ್ಲರಿ, ಬೀದ್ಯಾಗ ಕೇಳಿ ಹಾಕೋದು" ಎಂದು ಬಂದೆ. ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿನವರೆಲ್ಲರ ಹಾಡಿಗೆ ತೀರ್ಪು ಹೇಳಿ ಹೇಳಿ ತಮ್ಮ ಕಿವಿಯೇ ಕಿವಿ ಎಂದು ಕೂತಿದ್ದರು.

ಆಮೇಲೆ ಎದುರು ಪಾರ್ಟಿಯವರು ಒಂದು ಕೆಲಸ ಮಾಡಿದರು. ಆ ಕ್ಯಾಸೆಟ್ಟನ್ನು ಎಲ್ಲಿಂದಲೋ ತಂದು ತಮ್ಮ ಜೀಪಿನ ಮೇಲೇ ಹಾಕಿ ಊರೆಲ್ಲ ತಿರುಗಿಸಿದರು. ತಮ್ಮ ಹಾಡು ನಿಲ್ಲಿಸಿ ಇದನ್ನೇ ಹಾಕುತ್ತಿದ್ದರು. ಹುಡುಗರು ಜೀಪಿನ ಹಿಂದೆ ಓಡುತ್ತಾ ಒದೆಯುತ್ತಾ ಕುಣಿಯುತ್ತಿದ್ದರು. ಆಚಾರ್ರು ಅಂಗಡಿಯಿಂದ ಇಳಿದು ಹತ್ತಿ ಮಾರ್ಕೆಟ್ಟಿನ ಗೇಟಿನ ತನಕ ಆ ಜೀಪಿನ ಹಿಂದೆ ನಡೆದು ಹೋದರು. ತಿರುಗಿ ಬಂದು ನನ್ನ ಬೆಂಚಿನ ಮೇಲೆ ಕೂತರು. ಅವರು ನನ್ನ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು.

"ದ ಐತಿ ಅಕ್ಕಾ."

"ಹೂಂ."

"ನನ್ನ ಕಿವಿಗೆ ಬಿತ್ತು. ದ ಐತಿ."

ಅವತ್ತೇ ‘ಒತ್ತು’ ಎಂಬಲ್ಲಿ ‘ಹಾಕು’ ಎಂದು ಬದಲಿಸಿ ಹೊಸದು ತುಂಬಿಸಿಕೊಟ್ಟರು. ಏನೂ ಉಪಯೋಗವಾಗಲಿಲ್ಲ. ಮೈಕಿನಲ್ಲಿ ಹೊಸ ಮಾತು ಬಂದರೂ ಛತ್ರಿಯ ಜೀಪು ಕಂಡೊಡನೆ ಜನ ಹಳೆಯದನ್ನೇ ಕೂಗುತ್ತಿದ್ದರು.

ಸಾಹುಕಾರರು ಸೋತರು, ಮಷೀನಿನ ಮಾತೂ ಅಲ್ಲಿಗೆ ಮುಗಿಯಿತು. ಹಾಡಿಲ್ಲದಿದ್ದರೂ ಸೋಲುತ್ತಿದ್ದರು. ಜಿನ್ನಿಂಗಿನ ಒಬ್ಬ ಹೆಂಗಸೂ ಅವರಿಗೆ ಓಟು ಹಾಕುತ್ತಿರಲಿಲ್ಲ, ನನ್ನನ್ನೂ ಸೇರಿಸಿ. ಆದರೆ ಸೋತವರಿಗೆ ಒಂದು ಕಾರಣ ಬೇಕು, ಅದಕ್ಕೊಂದು ಮುಖ ಬೇಕು.

ಎಣಿಕೆ ಮುಗಿದ ಮಧ್ಯಾಹ್ನ ಅವರ ಕಡೆಯ ಗಂಡಸರು ಬಂದರು. ಅರ್ಧ ಜನ ನನ್ನ ಹತ್ತಿರ ದಿನಾ ತಿನ್ನುವವರು. ಆಚಾರ್ರಿಗೆ ಹೊಡೆಯಲಿಲ್ಲ. ಗುಡಿಯ ಮನೆತನದವರ ಮೈ ಮುಟ್ಟಲು ಹೆದರಿದರೋ ಏನೋ. ಅಂಗಡಿಗೆ ಕೈ ಹಾಕಿದರು. ಒಂದೊಂದೇ ಕ್ಯಾಸೆಟ್ ತೆಗೆದು, ಕಾಲಲ್ಲಿ ತುಳಿದು, ರಿಬ್ಬನ್ ಎಳೆದು ಬೀದಿಗೆ ಎಸೆದರು. ಆಚಾರ್ರು ಗೋಡೆಗೆ ಆತು ನಿಂತಿದ್ದರು. ಸಿನಿಮಾದವು ಹೋದಾಗ ಮಾತಾಡಲಿಲ್ಲ. ಮಾಸ್ತರದು, ಮಠದವರದು ಹೋದಾಗಲೂ ಮಾತಾಡಲಿಲ್ಲ. ಕೈಗಳು ಮೇಲಿನ ಹಲಗೆಯ ಹತ್ತಿರ ಬಂದಾಗ ಬಾಯಿ ಬಿಟ್ಟರು. ಬಿಡಬಾರದಿತ್ತು. ಹಳದಿ ಬಟ್ಟೆಯ ಗಂಟನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

"ಅದೊಂದು ಬಿಡ್ರಪಾ. ಅದು ಮುದಿಕಿದು. ನಿಮ್ಮ ಹಾಡಿಗೆ ಧಾಟಿ ಕೊಟ್ಟಾಕಿ ಆಕಿನ."

"ಓಹೋ. ಈ ಮುದಿಕೀನ ಏನು ನಮ್ಮ ಸಾಹುಕಾರ್ರ ಮಾನ ಕಳದಾಕಿ?" ಎಂದ ಒಬ್ಬ.

ನಾನು ಬೀದಿ ದಾಟಿ ಹೋಗಿ ಕೈ ಚಾಚಿದೆ. "ತಮ್ಮಾ, ಅದು ನಮ್ಮತ್ತಿ ದನಿ. ಸತ್ತಾಳ ಆಕಿ. ಇತ್ತ ಕೊಡು."

"ಸತ್ತಾಕಿಗೆ ಇನ್ನ್ಯಾತರ ಹಾಡಬೇ" ಎಂದ. ನನ್ನ ಮುಖ ನೋಡುತ್ತಲೇ ಎಳೆದ. ರಿಬ್ಬನ್ ಎಷ್ಟು ಉದ್ದ ಇರುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಎಳೆದಷ್ಟೂ ಬರುತ್ತಿತ್ತು... ಕಡೆಗೆ ಬೇಸರವಾಗಿ ಗುಡ್ಡೆಯ ಮೇಲೆ ಎಸೆದು ಹೋದ.

ಬೀದಿಯ ಮೇಲೆ ನನ್ನ ಮೊಣಕಾಲಿನ ಎತ್ತರಕ್ಕೆ ಕಂದು ರಿಬ್ಬನ್ನಿನ ಗುಡ್ಡೆ. ಆಚಾರ್ರು ಅದರ ನಡುವೆ ಕೂತು, ಜೇಬಿನ ಪೆನ್ಸಿಲ್ಲು ತೆಗೆದು, ಒಂದು ತುದಿ ಹಿಡಿದು ಸುತ್ತಲು ನೋಡಿದರು. ಸ್ವಲ್ಪ ಬಂತು, ಗಂಟು ಬಿತ್ತು. ಬೇರೆ ತುದಿ ಹಿಡಿದರು. ಸಿನಿಮಾದ್ದೂ ಅದೇ ಬಣ್ಣ, ಮಠದವರದ್ದೂ ಅದೇ ಬಣ್ಣ, ಅತ್ತೆಯದ್ದೂ ಅದೇ ಬಣ್ಣ. ಮೂಗಿನ ಹತ್ತಿರ ಹಿಡಿದು ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಅಷ್ಟು ಚೂಪು ಕಿವಿಯ ಮನುಷ್ಯನಿಗೆ ಕಣ್ಣಿನಿಂದ ಹಾಡು ಗುರುತಿಸಲು ಬರಲಿಲ್ಲ. ಅವರ ತಮ್ಮ ಬಂದು ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಹೋದ. ಹೋಗುವಾಗ ನನ್ನ ಕಡೆ ತಿರುಗಲಿಲ್ಲ. ಅತ್ತೆಯ ದನಿಯನ್ನು ನಾನು ಅವರ ಕೈಗೆ ಕೊಟ್ಟಿದ್ದೆನಲ್ಲ, ಯಾವ ಮುಖದಿಂದ ತಿರುಗುತ್ತಾರೆ?

ಅಂಗಡಿಯನ್ನು ಆಮೇಲೆ ಬೀಜ ಗೊಬ್ಬರದವರು ಹಿಡಿದರು. ಆಚಾರ್ರು ಗುಡಿಯ ಅಡಿಗೆಮನೆಯಲ್ಲಿ ತಮ್ಮನಿಗೆ ಕೈಜೋಡಿಸುತ್ತಾ ಉಳಿದರೆಂದು ಕೇಳಿದೆ. ರೇಡಿಯೊ ಹಾಕಿದ ಮನೆಯ ಮುಂದೆ ಹಾಯುತ್ತಿರಲಿಲ್ಲವಂತೆ. ತೀರಿಕೊಂಡದ್ದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಬಜ್ಜಿ ತಿನ್ನುತ್ತಿದ್ದವರು ಯಾರೋ ಬೇರೆ ಮಾತಿನ ನಡುವೆ ಅಂದದ್ದರಿಂದ. ಎಣ್ಣೆ ಕಾದಿತ್ತು. ಬಜ್ಜಿ ಬಿಟ್ಟೆ.

ಈಗ ಮೊಮ್ಮಗಳು ಫೋನ್ ಹಿಡಿದು ಬರುತ್ತಾಳೆ. "ಅವ್ವಾ, ಬೀಸೋ ಪದ ಹಾಡು, ಹಿಡ್ಕೊಂತೀನಿ. ಮುತ್ತಜ್ಜಿ ಹಾಡ್ತಿದ್ಲಂತಲ್ಲ." ದವಾಖಾನೆಯಿಂದ ಬಂದ ದಿನವೂ ಕೇಳಿದಳು. ಕೂತು ಪ್ರಯತ್ನ ಮಾಡಿದೆ. ಕಣ್ಣು ಮುಚ್ಚಿದೆ, ಕೈಯನ್ನು ಕಲ್ಲು ತಿರುಗಿಸಿದ ಹಾಗೆ ತಿರುಗಿಸಿದೆ. ತೊಟ್ಟಿಲು, ಜ್ವರ, ಹಿತ್ತಲು ಇಷ್ಟು ಮಾತ್ರ ತಲೆಯಲ್ಲಿವೆ, ಹಾಡಿನ ಒಂದು ಸಾಲೂ ಇಲ್ಲ. ಧಾಟಿ ಬಂತು. ಧಾಟಿಯ ಜೊತೆಗೆ ಬಾಯಿಗೆ ಬಂದದ್ದು "ಒತ್ತವ್ವ ಒತ್ತು, ಛತ್ರಿಗೆ ಒತ್ತು." ಮೊಮ್ಮಗಳು ನಕ್ಕಳು. ಅತ್ತೆ ಹೋದಳು, ಆ ಕೂಸು ಎರಡನೇ ಸಲ ಹೋಯಿತು. ಉಳಿದದ್ದು ಸೋತ ಸಾಹುಕಾರನ ಛತ್ರಿ. ಫೋನಿನಲ್ಲಿ ಈಗ ಅದೇ ಇದೆ. ಅಳಿಸು ಎಂದರೆ ಅಳಿಸಲಿಲ್ಲ.

ಅಂಗಡಿ ಒಡೆದ ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚುವುದಕ್ಕಿಂತ ಮೊದಲು ಆ ಗುಡ್ಡೆಯನ್ನು ಬಾಚಿ ಗೋಣಿಚೀಲಕ್ಕೆ ತುಂಬಿದೆ. ಯಾವುದು ಅತ್ತೆಯದೋ ಗೊತ್ತಿರಲಿಲ್ಲ, ಅದಕ್ಕೆ ಒಂದು ಎಳೆಯನ್ನೂ ಬಿಡಲಿಲ್ಲ. ಊರ ಹೊರಗೆ ನನ್ನ ತಮ್ಮನ ಹೊಲದಲ್ಲಿ ಬಿಳಿಜೋಳ ಹಾಲುತೆನೆಗೆ ಬಂದಿತ್ತು, ಗಿಳಿಗಳ ಕಾಟ. ನಾನೂ ತಮ್ಮನೂ ಗೂಟ ನೆಟ್ಟು ರಿಬ್ಬನ್ನನ್ನು ಬದುವಿನಿಂದ ಬದುವಿಗೆ ಎಳೆದು ಕಟ್ಟಿದೆವು. ಗಾಳಿಗೆ ಅದು ರೊಯ್ಯೆಂದಿತು. ಗಿಳಿಗಳು ಎದ್ದು ಹೋದವು. ನಾನು ಸ್ವಲ್ಪ ಹೊತ್ತು ನಿಂತು ಕೇಳಿದೆ. ಮಾತು ಯಾವುದೂ ಇರಲಿಲ್ಲ. ಜಿನ್ನಿಂಗಿನ ಸೈರನ್ ಕೂಗಿತು, ಜನ ತಿನ್ನಲು ಬರುವ ಹೊತ್ತು. ಬಂದು ಒಲೆ ಹಚ್ಚಿ ಎಣ್ಣೆ ಇಟ್ಟೆ.